ಯಾಶಿಕಾ: ಕಾರ್ಖಾನೆ ಮುಚ್ಚಿದ ಮೇಲೆ ಬಿಕರಿಯಾದ ಒಂದು ಹೆಸರು

2017ರ ಅಕ್ಟೋಬರ್. ಜನರಿಂದ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್ ವೆಬ್‌ಸೈಟಿನಲ್ಲಿ ಯಾಶಿಕಾ ವೈ35 ಎಂಬ ಕ್ಯಾಮೆರಾ ಕಾಣಿಸಿಕೊಂಡಿತು. ಅದು ಇನ್ನೂ ಯಾರ ಕೈಗೂ ಬಂದಿರಲಿಲ್ಲ. ಮೊದಲು ದುಡ್ಡು ಕೊಡಿ, ಆಮೇಲೆ ಮಾಡಿ ಕಳಿಸುತ್ತೇವೆ ಅನ್ನುವ ಲೆಕ್ಕ. ಸುಮಾರು 7,000 ಜನ ದುಡ್ಡು ಕೊಟ್ಟರು. ಒಟ್ಟು ಮೊತ್ತ 1 ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟಿತು. ಅಮೆರಿಕದ ಡಾಲರ್ ಲೆಕ್ಕದಲ್ಲಿ 12 ಲಕ್ಷಕ್ಕಿಂತ ಜಾಸ್ತಿ.

ನೋಡೋಕೆ ಅದು 1960ರ ದಶಕದಲ್ಲಿ ಜಪಾನಿನ ಯಾಶಿಕಾ ಕಂಪನಿ ತಂದ ಫಿಲ್ಮ್ ಕ್ಯಾಮೆರಾ ಎಲೆಕ್ಟ್ರೋ 35ರ ತಮ್ಮನಂತಿತ್ತು. ಮೇಲೆ ಬೆಳ್ಳಿ ಬಣ್ಣ, ನಡುವೆ ಕಪ್ಪು ತೊಗಲಿನ ಹಾಗೆ ಕಾಣುವ ಹೊದಿಕೆ. ಒಳಗೆ ಮಾತ್ರ ಡಿಜಿಟಲ್. ಹಿಂದೆ ಸ್ಕ್ರೀನ್ ಇಲ್ಲ. ತೆಗೆದ ಫೋಟೋ ಹೇಗೆ ಬಂದಿದೆ ಅಂತ ಅಲ್ಲೇ ನೋಡೋ ಹಾಗಿಲ್ಲ, ಅಳಿಸೋ ಹಾಗೂ ಇಲ್ಲ. ಪ್ರತಿ ಫೋಟೋಗೂ ಮೊದಲು ಲಿವರ್ ಎಳೆಯಬೇಕು. ಇದರ ಜೊತೆಗೆ 'ಡಿಜಿಫಿಲ್ಮ್' ಅನ್ನುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು. ಕಪ್ಪು-ಬಿಳುಪಿನ ಡಬ್ಬಿ ಹಾಕಿದರೆ ಕಪ್ಪು-ಬಿಳುಪು ಫೋಟೋ, 6×6 ಡಬ್ಬಿ ಹಾಕಿದರೆ ಚೌಕದ ಫೋಟೋ. ಡಬ್ಬಿಯೊಳಗೆ ಫಿಲ್ಮ್ ಇಲ್ಲ. ಯಾವ ಬಗೆಯ ಫೋಟೋ ಬೇಕು ಅಂತ ಕ್ಯಾಮೆರಾಗೆ ಹೇಳುವುದಷ್ಟೇ ಅದರ ಕೆಲಸ. ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ನಾಲ್ಕೈದು ಡಬ್ಬಿ ಜೇಬಲ್ಲಿಟ್ಟುಕೊಂಡು ಓಡಾಡಬೇಕು.

ಮರುವರ್ಷ ಪಾರ್ಸೆಲ್‌ಗಳು ಮನೆಮನೆಗೆ ತಲುಪತೊಡಗಿದವು. ಹಿಂದೆಯೇ ದೂರುಗಳು ಬಂದವು. ಕೈಲಿ ಹಿಡಿದರೆ ಆಟಿಕೆಯ ಹಾಗಿದೆ, ಫೋಟೋಗಳು ಹಳೆಯ ಮೊಬೈಲ್‌ನವುಗಳಿಗಿಂತ ಕಡೆ ಅಂತ ಜನ ಬೈದರು. ಫೋಟೋ ಹಾಗೆ ಬರುವುದೂ ಸಹಜವೇ. ಒಳಗೆ ಫಿಲ್ಮಿನ ಬದಲು ಬೆಳಕು ಹಿಡಿಯುವ ಸೆನ್ಸರ್ 1/3.2 ಇಂಚಿನದು, ಅಂದರೆ ಆ ಕಾಲದ ಮೊಬೈಲ್‌ಗಳಲ್ಲಿ ಇರುತ್ತಿದ್ದ ಅಳತೆ. ಹಳೆಯ ಎಲೆಕ್ಟ್ರೋದಲ್ಲಿ ಒಂದು ಫೋಟೋ ಮೂಡುತ್ತಿದ್ದ ಫಿಲ್ಮ್ ತುಂಡಿನ ಪಕ್ಕ ಇಟ್ಟರೆ ಐವತ್ತು ಪಟ್ಟಿಗೂ ಮೀರಿ ಚಿಕ್ಕದು. ಇದು ಮುಚ್ಚಿಟ್ಟ ಗುಟ್ಟೇನೂ ಆಗಿರಲಿಲ್ಲ. ಕ್ಯಾಮೆರಾದ ವಿವರಗಳ ಪಟ್ಟಿಯಲ್ಲೇ ಬರೆದಿತ್ತು. ಓದಿದವರು ಕಡಿಮೆ.

ಕೆಟ್ಟ ಕ್ಯಾಮೆರಾಗಳು ಲೋಕದಲ್ಲಿ ಬೇಕಾದಷ್ಟಿವೆ. ಅದರ ಬಗ್ಗೆ ಬರೆಯೋಕೆ ಇಷ್ಟು ಉದ್ದ ಬೇಕಿಲ್ಲ. ನನ್ನನ್ನು ಕಾಡಿದ್ದು ಬೇರೆ. ಒಂದು ಫೋಟೋನೂ ತೆಗೆದು ನೋಡದೆ ಇಷ್ಟು ಜನ ನಂಬಿದ್ದು ಯಾರನ್ನು? ದುಡ್ಡು ಹೋಗಿದ್ದು ಹಾಂಗ್‌ಕಾಂಗಿಗೆ. ಜಪಾನಿನ ಯಾಶಿಕಾ ಕಂಪನಿ ಆಗ ಇರಲೇ ಇಲ್ಲ. ಹಾಗಾದರೆ ಆ ಏಳು ಸಾವಿರ ಜನ ಕೊಂಡಿದ್ದು ಏನನ್ನು?

ಎಂಟು ಜನ, ಎಂಟು ದ್ವೀಪ

1949ರ ಡಿಸೆಂಬರ್‌ಗೆ ಹೋಗೋಣ. ಜಪಾನಿನ ನಡುವಿನ ಬೆಟ್ಟದ ಸೀಮೆ ನಾಗಾನೋ. ಅಲ್ಲಿ ಸುವಾ ಎಂಬ ಕೆರೆಯೂರು. ಗಡಿಯಾರದಂಥ ಸಣ್ಣ, ಕರಾರುವಾಕ್ಕಾದ ಕೆಲಸಕ್ಕೆ ಆ ಕಡೆ ಹೆಸರುವಾಸಿ. ಸೀಕೋ ಕೈಗಡಿಯಾರಗಳೂ ಅಲ್ಲಿ ತಯಾರಾಗುತ್ತಿದ್ದವು. ಯುದ್ಧದಲ್ಲಿ ಸೋತು ನಾಲ್ಕು ವರ್ಷವಾಗಿದ್ದ ದೇಶ. ಅಲ್ಲಿ 'ಯಾಶಿಮಾ ಸೇಕಿ' ಎಂಬ ಪುಟ್ಟ ಕಂಪನಿ ಶುರುವಾಯಿತು. ಹಾಕಿದ ಬಂಡವಾಳ 566 ಡಾಲರ್‌ನಷ್ಟು. ಕೆಲಸಗಾರರು ಎಂಟು ಜನ. ಮಾಡುತ್ತಿದ್ದುದು ವಿದ್ಯುತ್ ಗಡಿಯಾರದ ಬಿಡಿಭಾಗಗಳು. ಮುಂದೆ ನಿಂತು ನಡೆಸಿದವರು ಯೋಶಿಮಾಸಾ ಉಶಿಯಾಮಾ.

ಯಾಶಿಮಾ ಅಂದರೆ ಎಂಟು ದ್ವೀಪ. 'ಯಾ' ಎಂಟು, 'ಶಿಮಾ' ದ್ವೀಪ. ಜಪಾನನ್ನು ಹಳೆಯ ಕಾಲದಲ್ಲಿ ಹಾಗೆ ಕರೆಯುತ್ತಿದ್ದರು. ಎಂಟು ಜನರ ಗಡಿಯಾರದ ಅಂಗಡಿಗೆ ಇಡೀ ದೇಶದ ಹೆಸರು! ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿ.

ಗಡಿಯಾರದ ಭಾಗಗಳಿಂದ ಕ್ಯಾಮೆರಾದ ಭಾಗಗಳಿಗೆ, ಭಾಗಗಳಿಂದ ಇಡೀ ಕ್ಯಾಮೆರಾಗೆ ಬಂದರು. 1953ರಲ್ಲಿ 'ಯಾಶಿಮಾಫ್ಲೆಕ್ಸ್' ಹೊರಬಂತು. ಒಂದರ ಮೇಲೊಂದು ಎರಡು ಲೆನ್ಸ್ ಇರುವ, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆ ಕ್ಯಾಮೆರಾ. ಮೇಲಿನ ಲೆನ್ಸ್ ನೋಡೋಕೆ, ಕೆಳಗಿನದು ಫೋಟೋ ತೆಗೆಯೋಕೆ. ಜರ್ಮನಿಯ ರೋಲೈಫ್ಲೆಕ್ಸ್ ಮಾಡಿಕೊಟ್ಟ ದಾರಿ ಅದು. ಆಗ ಜಪಾನಿನಲ್ಲಿ ಹತ್ತಾರು ಕಂಪನಿಗಳು ಅದೇ ದಾರಿ ಹಿಡಿದಿದ್ದವು.

ಸ್ವಲ್ಪದರಲ್ಲೇ ಕ್ಯಾಮೆರಾಗಳ ಹೆಸರು ಬದಲಾಯಿತು. ಯಾಶಿಮಾ ಮತ್ತು ಕ್ಯಾಮೆರಾ ಸೇರಿಸಿ 'ಯಾಶಿಕಾ'. ಈ 'ಕಾ' ಬಾಲದ ಹುಚ್ಚಿಗೆ ಮೂಲ ಜರ್ಮನಿಯ ಲೈಕಾ. ಅದು ಲೈಟ್ಸ್ ಕಂಪನಿಯ ಕ್ಯಾಮೆರಾ, ಹಾಗಾಗಿ ಲೈಕಾ. ಜಪಾನಿನಲ್ಲಿ ಕೊನಿಶಿರೋಕು ಕಂಪನಿ ಕೊನಿಕಾ ಮಾಡಿತು. ಕೇಳಿದ ಕೂಡಲೇ ಕ್ಯಾಮೆರಾ ಅಂತ ಗೊತ್ತಾಗಬೇಕು, ಪರದೇಶದವರ ನಾಲಿಗೆಗೂ ತೊಡಕಾಗಬಾರದು. ಯಾಶಿಕಾ ಹೊರದೇಶದ ಕಿವಿಗಾಗಿಯೇ ಕಟ್ಟಿದಂತಿರುವ ಹೆಸರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1957ರಲ್ಲಿ ನ್ಯೂಯಾರ್ಕಿನಲ್ಲಿ ಶಾಖೆ ತೆರೆದರು. 1958ರಲ್ಲಿ ಕಂಪನಿಯ ಹೆಸರೇ ಯಾಶಿಕಾ ಆಯಿತು. ಕೂಸಿನ ಹೆಸರನ್ನು ಅಪ್ಪನಿಗೆ ಇಟ್ಟ ಹಾಗೆ.

ಹೆಸರೊಂದು, ಕೈಗಳು ಹಲವು

ಈ ಪ್ರಕರಣದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. 'ಹಿಂದೆ ಎಲ್ಲವನ್ನೂ ಯಾಶಿಕಾದವರೇ ಮಾಡುತ್ತಿದ್ದರು, ಈಗ ಯಾರೋ ಮಾಡಿ ಹೆಸರು ಅಂಟಿಸುತ್ತಾರೆ' ಅನ್ನುವ ಮಾತು. ಅದು ಸರಿಯಲ್ಲ. ಯಾಶಿಮಾಫ್ಲೆಕ್ಸ್‌ನ 'ಟ್ರೈ-ಲೌಸರ್' ಲೆನ್ಸ್ ಮಾಡಿದ್ದು ತೋಮಿಯೋಕಾ ಎಂಬ ಬೇರೆಯೇ ಕಂಪನಿ. ಟೋಕಿಯೋ ಪಶ್ಚಿಮದ ಓಮೆ ಊರಿನಲ್ಲಿ ಅದರ ಕಾರ್ಖಾನೆ. ಎಷ್ಟೋ ಯಾಶಿಕಾಗಳ ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಬಾಗಿಲು, ಮಾಡಿದ್ದು ಕೋಪಾಲ್ ಎಂಬ ಇನ್ನೊಂದು ಕಂಪನಿ. ಯಾಶಿಕಾ ಅನ್ನುವುದು ಮೊದಲ ದಿನದಿಂದಲೂ ಹಲವರ ಕೆಲಸಕ್ಕೆ ಇಟ್ಟ ಒಂದೇ ಹೆಸರು.

ಆದರೆ ಆ ಕೈಗಳನ್ನು ಅವರು ಬಿಡಲಿಲ್ಲ, ಒಂದೊಂದಾಗಿ ಹತ್ತಿರ ಎಳೆದುಕೊಂಡರು. 1958ರಲ್ಲಿ ನಿಕ್ಕಾ ಎಂಬ ಕಂಪನಿ ಕೊಂಡರು. ಲೈಕಾದ ಮಾದರಿಯಲ್ಲಿ ಒಳ್ಳೆಯ ಕ್ಯಾಮೆರಾ ಮಾಡುತ್ತಿದ್ದವರು ಅವರು. 35 ಎಂಎಂ ಕ್ಯಾಮೆರಾದ ಕಸುಬು ಅವರಿಂದ ಬಂತು. 1968ರಲ್ಲಿ ತೋಮಿಯೋಕಾವನ್ನೇ ಕೊಂಡರು. ಹದಿನೈದು ವರ್ಷ ಲೆನ್ಸ್ ಕೊಟ್ಟವರು ಮನೆಯವರೇ ಆದರು.

ಲೆನ್ಸ್ ಹೆಸರುಗಳಲ್ಲೂ ಒಂದು ಶಿಸ್ತಿತ್ತು. ಎರಡು ಕಣ್ಣಿನ ಕ್ಯಾಮೆರಾಗಳಲ್ಲಿ 'ಯಾಶಿಕೋರ್' ಅಂದರೆ ಮೂರು ಗಾಜಿನ, ಅಗ್ಗದ ಲೆನ್ಸ್. 'ಯಾಶಿನಾನ್' ಅಂದರೆ ನಾಲ್ಕು ಗಾಜಿನದು, ಮೂಲೆಗಳಲ್ಲೂ ಚೂಪಾಗಿ ಬರುವಂಥದ್ದು. ಮುಂದೆ ಎಸ್‌ಎಲ್‌ಆರ್, ಅಂದರೆ ಫೋಟೋ ತೆಗೆಯುವ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾಗಳ ಕಾಲ ಬಂದಾಗ ಕಡಿಮೆ ದುಡ್ಡಿಗೆ 'ಡಿಎಸ್‌ಬಿ', ಜಾಸ್ತಿ ದುಡ್ಡಿಗೆ 'ಎಂಎಲ್'. ಎಂಎಲ್‌ನ ಗಾಜಿಗೆ ಹಲವು ಪದರದ ಲೇಪ ಇರುತ್ತಿತ್ತು. ಕೊಳ್ಳುವವನು ಲೆನ್ಸಿನ ಬಳೆ ಓದಿದರೆ ಸಾಕು, ಒಳಗೇನಿದೆ ಅಂತ ತಿಳಿಯುತ್ತಿತ್ತು. ಅಗ್ಗದ್ದನ್ನು ಅಗ್ಗದ್ದು ಅಂತಲೇ ಹೇಳಿ ಮಾರುತ್ತಿದ್ದರು. ನನಗೆ ಯಾಶಿಕಾದಲ್ಲಿ ತುಂಬಾ ಹಿಡಿಸುವ ಗುಣ ಇದು.

ಮಾಡೆಲ್ ನಂಬರ್‌ಗಳೂ ಹಾಗೇ. 120 ಎಂಬ ಬಗೆಯ ಫಿಲ್ಮ್ ರೋಲ್ ಹಾಕಿದರೆ 12 ಫೋಟೋ ಬರುತ್ತವೆ, ಅದು ಯಾಶಿಕಾ-12. 220 ರೋಲ್ ಹಾಕಿದರೆ 24 ಬರುತ್ತವೆ, ಅದು ಯಾಶಿಕಾ-24. ಎರಡನ್ನೂ ಹಾಕಬಹುದಾದ್ದು ಬಂದಾಗ 12 ಮತ್ತು 24 ಸೇರಿಸಿ 'ಮ್ಯಾಟ್-124' ಅಂದರು. ಮುಂದೆ ಬೆಳಕು ಅಳೆಯುವ ಮೀಟರಿನ ಸಂಪರ್ಕಗಳಿಗೆ ಚಿನ್ನದ ನೀರು ಹಾಕಿ, ಗೋಲ್ಡಿನ ಗುರುತಿಗೆ ಒಂದು ಜಿ ಸೇರಿಸಿ 'ಮ್ಯಾಟ್-124ಜಿ' ಮಾಡಿದರು. 1970ರಲ್ಲಿ ಬಂದ ಆ ಕ್ಯಾಮೆರಾ 1986ರವರೆಗೂ ತಯಾರಾಯಿತು. ಎರಡು ಕಣ್ಣಿನ ಕ್ಯಾಮೆರಾ ಮಾಡುವುದನ್ನು ಮಿಕ್ಕವರೆಲ್ಲ ಬಹುಮಟ್ಟಿಗೆ ಬಿಟ್ಟ ಮೇಲೂ ಯಾಶಿಕಾ ಮಾಡುತ್ತಲೇ ಇತ್ತು.

ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಈಗಲೂ ಗಾಜಿನ ಬೀರುವಿನ ಮೇಲಿನ ಹಲಗೆಯಲ್ಲಿ ಒಂದು ಯಾಶಿಕಾ ಪೆಟ್ಟಿಗೆ ಕಂಡರೆ ಅದು ಇದೇ ಸಂತಾನ. ರೋಲೈಫ್ಲೆಕ್ಸ್ ಕೊಳ್ಳೋಕೆ ಆಗದವರ ರೋಲೈಫ್ಲೆಕ್ಸ್. ಮದುವೆ ಮಂಟಪದಲ್ಲಿ ಸಾಲಾಗಿ ನಿಂತ ಬೀಗರೆಲ್ಲ ಅದರ ಚೌಕದೊಳಗೆ ಹಿಡಿಸುತ್ತಿದ್ದರು. ಆಮೇಲೆ 80-90ರ ದಶಕದಲ್ಲಿ ಎಂಎಫ್-2 ಬಂತು. ಫೋಕಸ್ ಮಾಡುವ ತಾಪತ್ರಯ ಇಲ್ಲ, ಫ್ಲಾಶ್ ಅದರಲ್ಲೇ. ಪ್ರವಾಸ ಹೊರಟರೆ 'ಅವರ ಮನೇಲಿ ಯಾಶಿಕಾ ಇದೆ, ಇಸ್ಕೊಂಡು ಬಾ' ಅನ್ನುತ್ತಿದ್ದರು. ಕ್ಯಾಮೆರಾ ಅನ್ನುವ ಬದಲು ಯಾಶಿಕಾ ಅಂದರೂ ನಡೆಯುತ್ತಿತ್ತು.

ಎಲೆಕ್ಟ್ರೋ

ವೈ35 ಯಾವ ಕ್ಯಾಮೆರಾದ ವೇಷ ಹಾಕಿತೋ ಅದನ್ನು ನೋಡೋಣ. ಎಲೆಕ್ಟ್ರೋ 35 ಬಂದಿದ್ದು 1960ರ ದಶಕದ ನಡುವಿನಲ್ಲಿ. ಅಲ್ಲಿಯವರೆಗೆ ಕ್ಯಾಮೆರಾ ಅಂದರೆ ಪೂರ್ತಿ ಸ್ಪ್ರಿಂಗು, ಹಲ್ಲಿನ ಚಕ್ರಗಳ ಯಂತ್ರ. ಎಲೆಕ್ಟ್ರೋದಲ್ಲಿ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು ಅಂತ ನೀವು ತಿರುಗಿಸಿ ಇಟ್ಟರೆ, ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಎಲೆಕ್ಟ್ರಾನಿಕ್ಸ್ ತೀರ್ಮಾನ ಮಾಡುತ್ತದೆ. ಅದೂ ಮೆಟ್ಟಿಲು ಮೆಟ್ಟಿಲಾಗಿ ಅಲ್ಲ. ಒಂದು ಸೆಕೆಂಡಿನ ಐನೂರನೇ ಒಂದು ಪಾಲಿನಿಂದ ಹಿಡಿದು ಇಡೀ 30 ಸೆಕೆಂಡಿನವರೆಗೆ, ನಡುವಿನ ಯಾವ ಅಳತೆಯಾದರೂ ಸರಿ. ಹೀಗೆ ಎಲೆಕ್ಟ್ರಾನಿಕ್ಸ್‌ನಿಂದ ನಡೆಯುವ ರೇಂಜ್‌ಫೈಂಡರ್ (ಕಿಟಕಿಯಲ್ಲಿ ಕಾಣುವ ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ) ಕ್ಯಾಮೆರಾಗಳಲ್ಲಿ ಮಾರುಕಟ್ಟೆಯಲ್ಲಿ ಗೆದ್ದ ಮೊದಲನೆಯದು ಇದೇ.

ಮೇಲೆ ಎರಡು ಪುಟ್ಟ ದೀಪ. ಹಳದಿ ಹತ್ತಿದರೆ ಬೆಳಕು ಕಡಿಮೆ, ಶಟರ್ ನಿಧಾನ, ಕೈ ಅಲ್ಲಾಡಿಸಬೇಡಿ. ಕೆಂಪು ಹತ್ತಿದರೆ ಬೆಳಕು ವಿಪರೀತ, ಕಿಂಡಿ ಕಿರಿದು ಮಾಡಿ. ಎರಡೂ ಹತ್ತದಿದ್ದರೆ ಕ್ಲಿಕ್ ಮಾಡಿ. ಇಷ್ಟೇ ಪಾಠ. ಮುಂದೆ ಯಾಶಿನಾನ್ 45 ಎಂಎಂ ಎಫ್/1.7 ಲೆನ್ಸ್. ಸಂಜೆಯ ಮಬ್ಬಿನಲ್ಲೂ, ಬಲ್ಬಿನ ಬೆಳಕಿನಲ್ಲೂ ಫ್ಲಾಶ್ ಇಲ್ಲದೆ ಕೆಲಸ ಮಾಡುವಷ್ಟು ಅಗಲ. ಜಿ, ಜಿಎಸ್, ಜಿಎಸ್‌ಎನ್ ಅಂತ ಒಂದಾದ ಮೇಲೊಂದು ಬಂದವು. ಒಳಗಿನ ಎಲೆಕ್ಟ್ರಾನಿಕ್ಸ್‌ನ ಸೂಚನೆಗಾಗಿ ಮೈಮೇಲೆ ಅಣುವಿನ ಚಿತ್ರ. ಅಣು ಅಂದರೆ ನಾಳೆ ಅಂತ ಜನ ನಂಬಿದ್ದ ಕಾಲ ಅದು.

ನನ್ನ ಹತ್ತಿರ ಒಂದು ಜಿಎಸ್‌ಎನ್ ಇದೆ. ಸೆಕೆಂಡ್ ಹ್ಯಾಂಡ್. ಅದಕ್ಕೆ ಬೇಕಾದ 5.6 ವೋಲ್ಟಿನ ಪಾದರಸದ ಸೆಲ್ ಈಗ ಮಾಡುವವರಿಲ್ಲ. ಪಾದರಸ ವಿಷ ಅಂತ ನಿಲ್ಲಿಸಿದರು. 6 ವೋಲ್ಟಿನ ಬೇರೆ ಸೆಲ್ಲಿಗೆ ಒಂದು ಕೊಳವೆ ತೊಡಿಸಿ, ಸ್ಪ್ರಿಂಗ್ ಇಟ್ಟು ನಡೆಸುತ್ತೇವೆ. ಸೆಲ್ ಇಲ್ಲದಿದ್ದರೆ ಶಟರ್ 1/500ರ ವೇಗದಲ್ಲಿ ಮಾತ್ರ ಬೀಳುತ್ತದೆ. ಬಿಸಿಲಲ್ಲಿ ಬದುಕಿದೆ, ನೆರಳಲ್ಲಿ ಸತ್ತಿದೆ ಅನ್ನೋ ಹಾಗೆ.

ಮನೆಗೆ ಬಂದ ಎರಡನೇ ಹೆಸರು

1970ರ ದಶಕದ ಮೊದಲಲ್ಲಿ ಜರ್ಮನಿಯ ಕಾರ್ಲ್ ಝೈಸ್ ಕಂಪನಿಗೆ ಒಂದು ತೊಂದರೆ. ಅವರ ಬಳಿ ಲೋಕವೇ ಮೆಚ್ಚಿದ ಲೆನ್ಸ್‌ಗಳಿವೆ, 1932ರಿಂದ ಬಂದ 'ಕಾಂಟ್ಯಾಕ್ಸ್' ಎಂಬ ದೊಡ್ಡ ಹೆಸರಿದೆ. ಆದರೆ ಜಪಾನಿನ ಪೋಟಿಯಲ್ಲಿ ಅವರ ಕ್ಯಾಮೆರಾ ಕಂಪನಿ ಝೈಸ್ ಇಕಾನ್ ಬಾಗಿಲು ಹಾಕಿತ್ತು. ಹೆಸರಿದೆ, ಮಾಡುವವರಿಲ್ಲ. ಪೆಂಟ್ಯಾಕ್ಸ್ ಮಾಡುವ ಅಸಾಹಿಯ ಜೊತೆ ಮಾತು ನಡೆದು ಮುರಿದುಬಿತ್ತು. ಆಮೇಲೆ ಯಾಶಿಕಾದ ಜೊತೆ ಕುದುರಿತು. 1974ರಲ್ಲಿ ಕಾಂಟ್ಯಾಕ್ಸ್ ಆರ್‌ಟಿಎಸ್ ತೋರಿಸಿದರು. ಹೊರಮೈ ರೂಪಿಸಿದ್ದು ಪೋರ್ಷೆ ಡಿಸೈನ್. ಒಳಗಿನ ಎಲೆಕ್ಟ್ರಾನಿಕ್ಸ್ ಯಾಶಿಕಾದ್ದು. ಲೆನ್ಸ್ ಝೈಸ್‌ನದು, ಎಷ್ಟೋ ಲೆನ್ಸ್‌ಗಳನ್ನು ಜಪಾನಿನಲ್ಲಿ ತಯಾರಿಸಿದ್ದು ಅದೇ ತೋಮಿಯೋಕಾ.

ಆರ್‌ಟಿಎಸ್‌ಗೂ ಯಾಶಿಕಾದ ಹೊಸ ಎಫ್‌ಎಕ್ಸ್ ಕ್ಯಾಮೆರಾಗಳಿಗೂ ಲೆನ್ಸ್ ಕೂರುವ ಬಾಯಿ ಒಂದೇ. ಅಗ್ಗದ ಯಾಶಿಕಾ ಬಾಡಿ ಕೊಂಡು ಅದಕ್ಕೆ ದುಬಾರಿ ಝೈಸ್ ಲೆನ್ಸ್ ತಿರುಗಿಸಿ ಕೂರಿಸಬಹುದಿತ್ತು. ಹಾಗೆ ಮಾಡಿದವರು ತುಂಬಾ ಜನ.

ಒಪ್ಪಂದದಲ್ಲಿ ಒಂದು ವಿಷಯ ಸ್ಪಷ್ಟವಾಗಿತ್ತು. ಕಾಂಟ್ಯಾಕ್ಸ್ ಹೆಸರಿನ ಯಜಮಾನ ಝೈಸ್. ಯಾಶಿಕಾ ಅದನ್ನು ಬಳಸಬಹುದು, ಅಷ್ಟೇ. ಒಂದೇ ಮನೆಯಲ್ಲಿ ಈಗ ಎರಡು ಹೆಸರು. ಒಂದು ಸ್ವಂತದ್ದು, ಇನ್ನೊಂದು ಬಾಡಿಗೆಯದು. ಬಾಡಿಗೆಯದಕ್ಕೆ ಮರ್ಯಾದೆ ಜಾಸ್ತಿ. ಒಳ್ಳೆಯದೆಲ್ಲ ಕಾಂಟ್ಯಾಕ್ಸ್ ಪಾಲಿಗೆ, ಅಗ್ಗದ್ದು ಯಾಶಿಕಾ ಪಾಲಿಗೆ ಅನ್ನುವ ಹಾಗಾಯಿತು. 1979ರಲ್ಲಿ ಬಂದ ಯಾಶಿಕಾ ಎಫ್‌ಎಕ್ಸ್-3 ತಯಾರಿಸಿದ್ದು ಯಾಶಿಕಾ ಅಲ್ಲವೇ ಅಲ್ಲ, ನಾಗಾನೋ ಸೀಮೆಯದೇ ಇನ್ನೊಂದು ಕಂಪನಿ ಕೊಸಿನಾ. ಬೈಯೋದಕ್ಕೆ ಇದನ್ನು ಹೇಳುತ್ತಿಲ್ಲ. ಎಫ್‌ಎಕ್ಸ್-3 ಹಗುರವಾದ, ನಂಬಬಹುದಾದ ಕ್ಯಾಮೆರಾ. ಶಟರ್ ನಡೆಯೋಕೆ ಸೆಲ್ಲೇ ಬೇಕಿಲ್ಲ.

ಸೆರಾಮಿಕ್ ಕಂಪನಿಯ ಕೈಗೆ

1983ರಲ್ಲಿ ಯಾಶಿಕಾವನ್ನು ಕ್ಯೋಸೆರಾ ಕೊಂಡಿತು. ಕಜುವೋ ಇನಾಮೋರಿ 1959ರಲ್ಲಿ ಕಟ್ಟಿದ ಕಂಪನಿ. ಕ್ಯೋಟೋ ಮತ್ತು ಸೆರಾಮಿಕ್ ಸೇರಿ ಕ್ಯೋಸೆರಾ. ಇದೂ ಅಂಟಿಸಿದ ಹೆಸರೇ. ಕ್ಯಾಮೆರಾ ಅವರಿಗೆ ಹತ್ತರಲ್ಲಿ ಒಂದು ವ್ಯಾಪಾರ.

ಎರಡು ವರ್ಷಕ್ಕೆ ಮಿನೋಲ್ಟಾ 7000 ಬಂತು. ತಾನೇ ಫೋಕಸ್ ಮಾಡುವ ಎಸ್‌ಎಲ್‌ಆರ್. ಇಡೀ ಮಾರುಕಟ್ಟೆ ಅತ್ತ ಓಡಿತು. 1987ರಲ್ಲಿ ಯಾಶಿಕಾ ತನ್ನದೊಂದು ಆಟೋಫೋಕಸ್ ತಂದಿತಾದರೂ ಜನ ಕಣ್ಣೆತ್ತಿ ನೋಡಲಿಲ್ಲ. ಉಳಿಸಿದ್ದು ಸಣ್ಣ ಕ್ಯಾಮೆರಾಗಳು. ಅದರಲ್ಲೂ ಝೈಸ್ ಟೆಸ್ಸಾರ್ ಲೆನ್ಸ್ ಇದ್ದ ಟಿ ಸರಣಿ. ಅಂಗಿ ಜೇಬಿನ ಅಳತೆಯ ಪ್ಲಾಸ್ಟಿಕ್ ಕ್ಯಾಮೆರಾಗೆ ಝೈಸ್ ಗಾಜು. ಹಳೆಯ ಟಿ4 ಈಗಲೂ ಕೈಗೆಟುಕದ ಬೆಲೆಗೆ ಹೋಗುತ್ತದೆ.

ಇದೇ ಹೊತ್ತಿನಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಹೊರಗೆ ಯಾಶಿಕಾ ಅಂತ ಮಾರುತ್ತಿದ್ದ ಕ್ಯಾಮೆರಾಗಳನ್ನು ಜಪಾನಿನಲ್ಲಿ ಕ್ಯೋಸೆರಾ ಹೆಸರಲ್ಲಿ ಮಾರತೊಡಗಿದರು. ಯುರೋಪಿನ ಯಾಶಿಕಾ ಟಿ5, ಅಮೆರಿಕದ ಯಾಶಿಕಾ ಟಿ4 ಸೂಪರ್, ಜಪಾನಿನ ಕ್ಯೋಸೆರಾ ಟಿ ಪ್ರೂಫ್ ಮೂರೂ ಒಂದೇ ಕ್ಯಾಮೆರಾ. ಯಾಶಿಕಾ ಹೊರದೇಶದ ಕಿವಿಗೆ ಒಪ್ಪುವ ಹೆಸರು ಅಂದೆನಲ್ಲ. ಕೊನೆಗೆ ಅದು ಹೊರದೇಶದಲ್ಲಷ್ಟೇ ಉಳಿಯಿತು. ತವರಿನಲ್ಲಿ ಅದನ್ನು ಅಂಗಡಿಯ ಬೋರ್ಡಿನಿಂದ ಆಗಲೇ ಇಳಿಸಿದ್ದರು.

2005ರಲ್ಲಿ ಕ್ಯೋಸೆರಾ ಕ್ಯಾಮೆರಾ ವ್ಯಾಪಾರದಿಂದ ಹೊರನಡೆಯಿತು. ಡಿಜಿಟಲ್ ಓಟದಲ್ಲಿ ಹಿಂದೆ ಬಿದ್ದಿತ್ತು. 35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇದ್ದ ಕಾಂಟ್ಯಾಕ್ಸ್ ಎನ್ ಡಿಜಿಟಲ್ ಅನ್ನು ಎಲ್ಲರಿಗಿಂತ ಮೊದಲು, 2002ರಲ್ಲೇ ತಂದಿದ್ದರು. ಅದು ಸೋತಿತು. ಈಗ ಎರಡೂ ಹೆಸರುಗಳ ಕೆಲಸ ಮುಗಿಯಿತು. ಈ ಪ್ರಕರಣದ ಗಂಟು ಇರುವುದು ಇಲ್ಲಿ.

ಕಾಂಟ್ಯಾಕ್ಸ್ ಬಾಡಿಗೆಗೆ ಬಂದದ್ದು. ಹಾಗಾಗಿ ಯಜಮಾನ ಝೈಸ್ ಕೈಯಲ್ಲೇ ಉಳಿಯಿತು. ಝೈಸ್ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿತು. ಯಾಶಿಕಾ ಕ್ಯೋಸೆರಾದ ಸ್ವಂತ ಆಸ್ತಿ. ಸ್ವಂತ ಆಸ್ತಿಯನ್ನು ಮಾರಬಹುದಲ್ವಾ? 2008ರಲ್ಲಿ ಹಾಂಗ್‌ಕಾಂಗಿನ ಎಂಎಫ್ ಜೆಬ್ಸೆನ್ ಗುಂಪಿಗೆ ಯಾಶಿಕಾ ಎಂಬ ಹೆಸರನ್ನು ಮಾರಿದರು. ಹೆಸರು ಅಂದರೆ ಬರೀ ಹೆಸರು. ಓಮೆಯ ಲೆನ್ಸ್ ಕಾರ್ಖಾನೆ ಅದರ ಜೊತೆ ಹೋಗಲಿಲ್ಲ. ಅದು ಅಷ್ಟರಲ್ಲಾಗಲೇ ಕ್ಯೋಸೆರಾ ಹೆಸರು ಹೊತ್ತಿತ್ತು.

ವೈ35 ಕೊಂಡವರು ಕೊಂಡದ್ದು

ಈಗ 2017ಕ್ಕೆ ವಾಪಸ್ ಬರೋಣ. ಕಾನೂನಿನ ಪ್ರಕಾರ ಅಲ್ಲಿ ತಪ್ಪೇನೂ ಇಲ್ಲ. ಹೆಸರನ್ನು ದುಡ್ಡು ಕೊಟ್ಟು ಕೊಂಡಿದ್ದಾರೆ. ಅದನ್ನು ಕ್ಯಾಮೆರಾ ಮೇಲೆ ಬರೆದಿದ್ದಾರೆ. ಕ್ಯಾಮೆರಾ ಕಳಿಸುತ್ತೇವೆ ಅಂದಿದ್ದರು, ಕಳಿಸಿದ್ದಾರೆ.

ಆದರೆ ಪ್ರಚಾರದ ವಿಡಿಯೋಗಳು ಮುಟ್ಟಿದ್ದು ಬೇರೆ ನರವನ್ನು. ಹಳೆಯ ದಿನಗಳು, ಕಾಯುವ ಸುಖ, ಎಣಿಸಿ ತೆಗೆಯುವ ಫೋಟೋ. ನೋಡಿದವರ ಮನಸ್ಸಿಗೆ ಬಂದದ್ದು ಅಪ್ಪನ ಎಲೆಕ್ಟ್ರೋ, ಸೋದರಮಾವನ ಎಂಎಫ್-2. ಆ ನೆನಪು ನಿಜವಾದದ್ದು. ಅದನ್ನು ಕಟ್ಟಿದ್ದು ಮಾತ್ರ ಓಮೆಯಲ್ಲಿ ಗಾಜು ಉಜ್ಜಿದವರು, ಸುವಾದಲ್ಲಿ ಚಕ್ರ ಕೂರಿಸಿದವರು. ಅವರ ಲೆಕ್ಕ ಎಂದೋ ಮುಗಿದಿತ್ತು. ಅವರು ಇಟ್ಟುಹೋದ ಠೇವಣಿಯನ್ನು ಇನ್ಯಾರೋ ಹೋಗಿ ಬಿಡಿಸಿಕೊಂಡರು.

'ಹೊರಗಿನವರು ಮಾಡಿದ್ದರಿಂದ ಕೆಟ್ಟಿತು' ಅನ್ನುವ ತೀರ್ಪನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಎದುರು ಸಾಕ್ಷಿ ಕಣ್ಣೆದುರೇ ಇದೆ. ಫೋಗ್ಟ್‌ಲೆಂಡರ್ ಎಂಬ ಹೆಸರು ನೋಡಿ. 1756ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ್ದು, ಫೋಟೋಗ್ರಫಿಗಿಂತಲೂ ಹಳೆಯದು. ಅದೂ ಸತ್ತು ಬರೀ ಹೆಸರಾಗಿ ಉಳಿದಿತ್ತು. ಆ ಹೆಸರು ಜರ್ಮನಿಯ ರಿಂಗ್‌ಫೋಟೋ ಕೈಯಲ್ಲಿತ್ತು. ಅವರಿಂದ ಅದನ್ನು ಬಳಸುವ ಹಕ್ಕು ಪಡೆದು 1999ರಿಂದ ಕ್ಯಾಮೆರಾ, ಲೆನ್ಸ್ ಮಾಡತೊಡಗಿದವರು ಜಪಾನಿನ ಒಂದು ಕಂಪನಿ. ಬೆಸ್ಸಾ ಎಂಬ ಫಿಲ್ಮ್ ಕ್ಯಾಮೆರಾ ತಂದರು. ಇವತ್ತಿಗೂ ಗಾಜು ಲೋಹಗಳ ಗಟ್ಟಿ ಲೆನ್ಸ್‌ಗಳು ಆ ಹೆಸರಲ್ಲಿ ಬರುತ್ತಿವೆ. ಲೈಕಾ ಇಟ್ಟುಕೊಂಡವರೂ ಕೊಳ್ಳುತ್ತಾರೆ.

ಆ ಜಪಾನಿ ಕಂಪನಿ ಯಾವುದು ಗೊತ್ತಾ? ಕೊಸಿನಾ. ಯಾಶಿಕಾಗೆ ಎಫ್‌ಎಕ್ಸ್-3 ಮಾಡಿಕೊಟ್ಟಿದ್ದ ಅದೇ ನಾಗಾನೋ ಕೊಸಿನಾ. ಯಾಶಿಕಾ ಹುಟ್ಟಿದ ಸೀಮೆಯಲ್ಲೇ, ಯಾಶಿಕಾ ಕೆಲಸ ಮಾಡಿದ ಕೈಗಳೇ ಸತ್ತ ಇನ್ನೊಂದು ಹೆಸರಿಗೆ ಜೀವ ಕೊಟ್ಟವು. ಹೆಸರು ಎರಡೂ ಕಡೆ ಎರವಲಿನದೇ. ಒಂದು ಕಡೆ ಲೆನ್ಸ್ ಮಾಡಲು ಬಲ್ಲವರಿಗೆ ಹೆಸರು ಬೇಕಿತ್ತು. ಇನ್ನೊಂದು ಕಡೆ ಹೆಸರು ಇದ್ದವರಿಗೆ ಅದರ ಕೆಳಗಿಡಲು ಏನಾದರೊಂದು ಬೇಕಿತ್ತು. ನನ್ನ ಲೆಕ್ಕದಲ್ಲಿ ವೈ35 ಕೆಟ್ಟಿದ್ದು ಅಲ್ಲೇ.

ಇನ್ನೊಂದು ಮಾತು. 1960ರ ಯಾಶಿಕಾ ಇಂಥ ಅಗ್ಗದ ಲೆನ್ಸ್ ಮಾರಬೇಕಾಗಿದ್ದರೆ ಅದನ್ನು ಯಾಶಿನಾನ್ ಅನ್ನುತ್ತಿರಲಿಲ್ಲ. ಯಾಶಿಕೋರ್ ಅಂತ ಬರೆದು ಕಡಿಮೆ ಬೆಲೆ ಹಾಕುತ್ತಿತ್ತು. ಈಗಿನವರು ಕೊಂಡ ಹೆಸರಿನಲ್ಲಿ ಆ ಮೆಟ್ಟಿಲುಗಳು ಬರಲಿಲ್ಲ. ದೊಡ್ಡ ಅಕ್ಷರದ ಯಾಶಿಕಾ ಒಂದೇ ಬಂತು.

ವೈ35 ಆದ ಮೇಲೂ ಆ ಹೆಸರು ಸುಮ್ನೆ ಕೂತಿಲ್ಲ. ಸಾದಾ ಫಿಲ್ಮ್ ಕ್ಯಾಮೆರಾ ಬಂತು, ಸಣ್ಣ ಡಿಜಿಟಲ್ ಕ್ಯಾಮೆರಾಗಳು ಬಂದವು. 2025ರಲ್ಲಿ ಹಳೆಯ ಎಸ್‌ಎಲ್‌ಆರ್‌ನ ಚಹರೆಯ ಎಫ್‌ಎಕ್ಸ್-ಡಿ ಬಂತು, ಮತ್ತೆ ಕಿಕ್‌ಸ್ಟಾರ್ಟರ್‌ನಲ್ಲೇ. ಎಫ್‌ಎಕ್ಸ್ ಅನ್ನುವ ಹಳೆಯ ಎರಡಕ್ಷರಕ್ಕೂ ಈಗ ಕೆಲಸ ಸಿಕ್ಕಿದೆ. ಕಾಂಟ್ಯಾಕ್ಸ್ ಇನ್ನೂ ಬೀರುವಿನಲ್ಲೇ ಇದೆ.

ಹಳೆಯದನ್ನೇ ಕೊಳ್ಳುವ ಆಸೆ ಇದ್ದವರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಎಲೆಕ್ಟ್ರೋ ಒಳಗೆ ಒಂದು ಪುಟ್ಟ ರಬ್ಬರ್ ತುಂಡು ಇರುತ್ತದೆ. ಉಗುರಿಗಿಂತ ಚಿಕ್ಕದು. ಐವತ್ತು ವರ್ಷದಲ್ಲಿ ಅದು ಪುಡಿಯಾಗಿ ಉದುರುತ್ತದೆ, ಆಮೇಲೆ ಶಟರ್ ತನ್ನ ಲೆಕ್ಕ ತಪ್ಪುತ್ತದೆ. ಇಡೀ ಕ್ಯಾಮೆರಾದಲ್ಲಿ ಮೊದಲು ಸಾಯುವ ಅಂಗ ಅದು. ಬಿಚ್ಚಿ ನೋಡೋದೇನೂ ಬೇಡ. ಕಿವಿಗೆ ಹತ್ತಿರ ಹಿಡಿದು ಲಿವರ್ ಎಳೆಯಿರಿ. ಎಳೆತದ ಕೊನೆಯಲ್ಲಿ ಒಳಗಿನಿಂದ ಟಕ್ ಅಂತ ಒಂದು ದಪ್ಪ ಸದ್ದು ಬರಬೇಕು. ಬಂದರೆ ರಬ್ಬರ್ ಇದೆ. ಬರದಿದ್ದರೆ ಬೆಲೆ ಅರ್ಧ ಕೇಳಿ. ನನ್ನದರಲ್ಲಿ ಬರುತ್ತಿರಲಿಲ್ಲ. ರಿಪೇರಿ ಮಾಡುವವರು ಮೇಲಿನ ಮುಚ್ಚಳ ಬಿಚ್ಚಿ ಹೊಸ ತುಂಡು ಅಂಟಿಸಿ ಕೊಟ್ಟರು. ಕೊಡುವ ಮೊದಲು ಅವರೇ ಒಮ್ಮೆ ಲಿವರ್ ಎಳೆದು, ತಲೆ ಓರೆ ಮಾಡಿ ಕೇಳಿ, 'ಬಂತು ನೋಡಿ' ಅಂದರು.